ದಂಡ ಹಿಡಿದು ಮುಂದೆ ನಡೆದವರು

ಹೊಸ ಕುಲಪತಿಗಳು ಬರುವುದು ಖಚಿತವಾದ ಮೇಲೆ ಅವರಿಂದ ಒಂದೇ ಸೂಚನೆ ಬಂದಿತ್ತು: ಪದಗ್ರಹಣ ಸಮಾರಂಭವನ್ನು ಹಿಂದೆ ಮಾಡಿದಂತೆಯೇ ಮಾಡಿ, ಹೊಸದೇನೂ ಬೇಡ. ಓದುವುದಕ್ಕೆ ವಿನಯದ ಮಾತು. ಆದರೆ ಅದರಿಂದ ನಮ್ಮ ಸಮಿತಿ ಕಂಗಾಲಾಯಿತು. ಹಿಂದೆ ಹೇಗೆ ಮಾಡಿದ್ದೆವು ಎಂದು ಯಾರಿಗೂ ಗೊತ್ತಿರಲಿಲ್ಲ.

ನಮ್ಮದು ಸಣ್ಣ ವಿಶ್ವವಿದ್ಯಾಲಯ. ಕಲ್ಕತ್ತಾದ ಜಾದವ್‌ಪುರದಿಂದ ಆಟೋ ಹಿಡಿದು ಇನ್ನಷ್ಟು ದಕ್ಷಿಣಕ್ಕೆ ಬಂದರೆ ಸಿಗುತ್ತದೆ. ಮೊದಲು ಕಾಲೇಜಾಗಿತ್ತು. ಸಮಾರಂಭ ಎಂದು ನಡೆದದ್ದು ಒಂದೇ ಸಲ, ಮೊದಲ ಕುಲಪತಿಗಳು ಬಂದಾಗ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ. ಆಮೇಲೆ ಬಂದವರೆಲ್ಲ ಹಂಗಾಮಿಗಳು. ಒಂದು ಸಹಿ ಹಾಕಿ, ಒಂದು ಕಪ್ ಚಹ ಕುಡಿದು, ಕುರ್ಚಿಯಲ್ಲಿ ಕೂತರು. ಹಳೆಯ ಫೋಟೋಗಳನ್ನು ಹುಡುಕಿಸಿದೆವು. ಇದ್ದ ನಾಲ್ಕಾರರಲ್ಲೂ ವೇದಿಕೆ, ಹೂವು, ಉತ್ತರೀಯ ಹೊದ್ದ ಅತಿಥಿಗಳು ಅಷ್ಟೇ. ಮೆರವಣಿಗೆ ಬರುವ ಹೊತ್ತಿಗೆ ಫೋಟೋಗ್ರಾಫರ್ ಎಲ್ಲೋ ಚಹ ಕುಡಿಯುತ್ತಿದ್ದ ಎಂದು ಕಾಣುತ್ತದೆ.

ಆ ದಿನ ಅಲ್ಲಿದ್ದು ಇಂದಿಗೂ ಸೇವೆಯಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ರಸಾಯನಶಾಸ್ತ್ರದ ಅಕ್ಕ. ಇಬ್ಬರೂ ಕನ್ನಡದವರು. ಅವರು ಧಾರವಾಡ, ನಾನು ಉಡುಪಿಯ ಕಡೆ. ಊರಿನಲ್ಲಿದ್ದಿದ್ದರೆ ನಮ್ಮಿಬ್ಬರ ಪರಿಚಯವೇ ಆಗುತ್ತಿರಲಿಲ್ಲ. ಇಲ್ಲಿ ಅವರು ನನಗೆ ಅಕ್ಕ, ನಾನು ಅವರಿಗೆ ಒಮ್ಮೊಮ್ಮೆ ತಮ್ಮ, ಸಿಟ್ಟು ಬಂದಾಗ 'ತರ್ಕಶಾಸ್ತ್ರಿ'. ಉಳಿದವರೆಲ್ಲ ಅವರನ್ನು ದೀದಿ ಎನ್ನುತ್ತಾರೆ.

ನಾನು ಕಲಿಸುವುದು ಭಾರತೀಯ ತರ್ಕ. ಪ್ರತಿ ವರ್ಷ ಮೊದಲ ತಿಂಗಳಲ್ಲೇ ನೈಯಾಯಿಕರ ಮಾತನ್ನು ಹೇಳುತ್ತೇನೆ: ಸ್ಮೃತಿ ಪ್ರಮೆಯಲ್ಲ. ನೆನಪು ಹಳೆಯ ಅನುಭವದ ಹಳಸಿದ ಪ್ರತಿ, ಅದನ್ನು ಜ್ಞಾನದ ಪಂಕ್ತಿಯಲ್ಲಿ ಕೂರಿಸಬಾರದು. ಈ ವಾದವನ್ನು ಮಸೆದು ಮಸೆದು ಚೂಪು ಮಾಡಿದ್ದು ಬಂಗಾಳದ ಪಂಡಿತರು. ನಮ್ಮ ಊರಿನ ದ್ವೈತಿಗಳು ಒಪ್ಪುವುದಿಲ್ಲ. ಮನಸ್ಸು ತಾನೇ ಒಂದು ಇಂದ್ರಿಯ, ನೆನಪೂ ಸರಿಯಾದ ಜ್ಞಾನವೇ ಎನ್ನುತ್ತಾರೆ ಅವರು. ಹುಟ್ಟಿದ್ದು ಅವರ ನಡುವೆ, ಸಂಬಳ ಇವರ ನಾಡಿನಲ್ಲಿ. ನಾನು ಇವರ ಪಕ್ಷ ಹಿಡಿದು ಬಹಳ ಕಾಲವಾಗಿತ್ತು. ಅದಕ್ಕೆ ತರ್ಕವಷ್ಟೇ ಕಾರಣವಲ್ಲ. ನನ್ನ ನೆನಪನ್ನು ನಾನು ಬಲ್ಲೆ. ನಮ್ಮ ಮದುವೆಯ ಊಟದಲ್ಲಿ ನಮ್ಮ ಕಡೆ ಎಲೆಯಲ್ಲಿ ಬೇಯಿಸುವ ಹಲಸಿನ ಹಣ್ಣಿನ ಗಟ್ಟಿ ಇತ್ತು ಎಂದು ಎಷ್ಟೋ ವರ್ಷ ಎಲ್ಲರೆದುರು ಹೇಳಿಕೊಂಡು ಬಂದವನು. ಒಂದು ದಿನ ಹೆಂಡತಿ ತಡೆಯಲಾರದೆ, "ಮಾರಾಯ್ರೆ, ಡಿಸೆಂಬರಿನಲ್ಲಿ ಹಲಸಿನ ಹಣ್ಣು ಎಲ್ಲಿಂದ ಬರ್ತದೆ?" ಎಂದು ಕೇಳಿದಳು. ಅದರ ರುಚಿ ಈಗಲೂ ನಾಲಿಗೆಯ ಮೇಲಿದೆ.

ಇಂಥವನನ್ನು ಸಮಿತಿಗೆ ಹಾಕಿದ್ದು ನೆನಪಿರುವವನು ಎಂಬ ಕಾರಣಕ್ಕೆ.

ಮೊದಲ ಸಭೆಯಲ್ಲಿ ಆಲ್ಪನಾ ರಂಗೋಲಿ ಬಿಡಿಸುವುದು, ಶಂಖ ಊದುವುದು, ಉದ್ಘಾಟನೆಯ ಹಾಡು, ಬಂದವರಿಗೆ ಕೊಡುವ ತಿಂಡಿಯ ಪ್ಯಾಕೆಟ್ಟು ಎಲ್ಲ ಸಲೀಸಾಗಿ ನಿರ್ಧಾರವಾದವು. ಪ್ಯಾಕೆಟ್ಟಿನಲ್ಲಿ ಸಂದೇಶ್ ಎಂಬ ಸಿಹಿ ಎರಡಿರಬೇಕೋ ಒಂದು ಸಂದೇಶ್ ಒಂದು ಸಿಂಗಾಡಾ, ಅಂದರೆ ಇಲ್ಲಿಯ ಸಮೋಸಾ, ಇರಬೇಕೋ ಎಂಬುದಕ್ಕೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ರಿಜಿಸ್ಟ್ರಾರ್ ಅಲಮಾರಿನಿಂದ ಕೆಂಪು ಬಟ್ಟೆ ಸುತ್ತಿದ ಒಂದು ಉದ್ದನೆಯ ವಸ್ತುವನ್ನು ತರಿಸಿ ಮೇಜಿನ ಮೇಲೆ ಮಲಗಿಸಿದರು. ನಮ್ಮ ವಿಶ್ವವಿದ್ಯಾಲಯದ ದಂಡ. ತೇಗದ ಕೋಲು, ತುದಿಯಲ್ಲಿ ಕಮಲದ ಮೊಗ್ಗಿನ ಆಕಾರದ ಹಿತ್ತಾಳೆ. ಮೊಗ್ಗಿನ ಒಂದು ಪಕ್ಕ ನಜ್ಜುಗುಜ್ಜಾಗಿತ್ತು. ಹಂಗಾಮಿಗಳ ಕಾಲದಲ್ಲಿ ಯಾರೋ ಅದರಿಂದ ಎತ್ತರದ ಕಿಟಕಿಗಳನ್ನು ಎಳೆದು ಮುಚ್ಚುತ್ತಿದ್ದರಂತೆ.

"ಇದನ್ನು ಹಿಡಿದುಕೊಂಡು ಮೆರವಣಿಗೆಯ ಮುಂದೆ ಒಬ್ಬರು ನಡೆಯಬೇಕು. ಕುಲಪತಿಗಳ ಕೈಗೆ ಕೊಡಬೇಕು. ಅವರು ಅದನ್ನು ಮುಟ್ಟಿ ವಾಪಸು ಕೊಡಬೇಕು. ಅಷ್ಟು ಗೊತ್ತು. ಹಿಡಿಯುವವರು ಯಾರು?" ಎಂದರು ರಿಜಿಸ್ಟ್ರಾರ್.

"ಡೀನ್" ಎಂದರು ವಿಜ್ಞಾನದ ಡೀನ್. ಒಳ್ಳೆಯ ಮನುಷ್ಯ; ತನ್ನ ಹೆಸರನ್ನು ತಾನೇ ಹೇಳಿದಂತಾಯಿತೆಂದು ಹೊಳೆದು, "ಅಂದರೆ, ಯಾವ ಡೀನ್ ಆದರೂ" ಎಂದು ಸೇರಿಸಿದರು.

"ಅಲ್ಲ" ಎಂದರು ಅಕ್ಕ. "ಅತಿ ಹೆಚ್ಚು ಕಾಲ ಪಾಠ ಮಾಡಿದ ಅಧ್ಯಾಪಕರು. ಹುದ್ದೆ ನೋಡುವ ಹಾಗಿಲ್ಲ. ಅಧಿಕಾರ ಪಾಠದ ಕೋಣೆಯಿಂದ ಬರುತ್ತದೆ ಎಂದು ತೋರಿಸುವುದಕ್ಕೇ ಆ ಪದ್ಧತಿ ಇಟ್ಟದ್ದು. ಹೋದ ಸಲ ಗಣಿತದ ಮೇಷ್ಟರು ಹಿಡಿದಿದ್ದರು. ಕೊನೆಯವರೆಗೂ ಪ್ರೊಫೆಸರ್ ಆಗದವರು."

ಈಗ ಅತಿ ಹೆಚ್ಚು ಕಾಲ ಪಾಠ ಮಾಡಿದವರು ಯಾರೆಂದು ಮೇಜಿನ ಸುತ್ತ ಇದ್ದ ಎಲ್ಲರಿಗೂ ಗೊತ್ತಿತ್ತು. ಅಕ್ಕನೂ ಕೊನೆಯವರೆಗೆ ಪ್ರೊಫೆಸರ್ ಆಗಲಿಲ್ಲ. ಆ ತಿಂಗಳ ಕೊನೆಗೆ ಅವರ ನಿವೃತ್ತಿ.

"ದೀದಿ, ಅದು ನಿಮಗೆ ನೆನಪಿದೆಯೋ, ಅಥವಾ…" ಡೀನ್ ಅರ್ಧಕ್ಕೆ ನಿಲ್ಲಿಸಿದರು.

"ಇವರೂ ಇದ್ದರು. ಇವರನ್ನು ಕೇಳಿ." ಅಕ್ಕ ನನ್ನ ಕಡೆ ತಿರುಗಿದರು.

"ದಕ್ಷಿಣದವರ ಯೂನಿಯನ್!" ಎಂದು ಯಾರೋ ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ, ಯೋಚಿಸಿ ಹೇಳುತ್ತೇನೆ ಎಂದೆ.

ಯೋಚಿಸುವುದಕ್ಕೆ ಏನೂ ಇರಲಿಲ್ಲ, ಅಥವಾ ಬಹಳ ಇತ್ತು. ಗಣಿತದ ಮೇಷ್ಟರು ದಂಡ ಹಿಡಿದು ಬರುವ ಚಿತ್ರ ನನ್ನ ಕಣ್ಣ ಮುಂದೆಯೂ ಇದೆ. ತೆಳ್ಳಗಿನ ಮನುಷ್ಯ, ಧೋತಿ, ಎಡ ಕಂಕುಳಲ್ಲಿ ಒದ್ದೆ ಕೊಡೆ. ಆ ಕೊಡೆಯೇ ನನ್ನ ತೊಂದರೆ. ಸಮಾರಂಭದ ಮೆರವಣಿಗೆಯಲ್ಲಿ ಯಾರಾದರೂ ಕೊಡೆ ಹಿಡಿದು ಬರುತ್ತಾರೆಯೇ? ಆ ಮನುಷ್ಯ ದಿನವೂ ಕೊಡೆ ತರುತ್ತಿದ್ದರು, ಮೋಡ ಇರಲಿ ಇಲ್ಲದಿರಲಿ. ನನ್ನ ಮನಸ್ಸು ಯಾವುದೋ ಮಂಗಳವಾರದ ಮೇಷ್ಟರನ್ನು ಎತ್ತಿ ತಂದು, ಕೈಗೆ ದಂಡ ಕೊಟ್ಟು, ಕೊಡೆ ತೆಗೆಯಲು ಮರೆತಿರಬಹುದು. ಇನ್ನೊಂದು ಅನುಮಾನ ಇದಕ್ಕಿಂತ ಕೆಟ್ಟದ್ದು. ಈ ಕತೆಯನ್ನು ಅಕ್ಕ ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಹೇಳಿದ್ದಾರೆ! ನಾನು ನೋಡಿದ್ದು ಯಾವುದು, ಅವರ ಬಾಯಲ್ಲಿ ಕೇಳಿದ್ದು ಯಾವುದು?

ಮಾರನೆಯ ದಿನ ಅಕ್ಕ ನನ್ನ ಕೋಣೆಗೆ ಬಂದರು. ಬೆಳ್ಳಿಯ ಲವಣದ ಕಪ್ಪು ಕಲೆಗಳಿರುವ ಬೆರಳುಗಳನ್ನು ಮೇಜಿನ ಮೇಲೆ ಊರಿ ನಿಂತರು.

"ಏನಪಾ ತರ್ಕಶಾಸ್ತ್ರಿ, ಯೋಚನಿ ಮುಗೀತೇನು?"

"ಅಕ್ಕ, ನಂಗೆ ಸರಿಯಾಗಿ ನೆನಪುಂಟು ಅಂತ ಹೇಳ್ಲಿಕ್ಕೆ ಆಗುವುದಿಲ್ಲ."

"ನೀ ಅಲ್ಲೇ ಇದ್ದಿ. ನಿನ್ನ ಕಣ್ಣೀಲೇ ನೋಡೀದಿ. ಸುಳ್ಳು ಹೇಳು ಅಂತ ನಾ ಅನ್ನೂದಿಲ್ಲ. ನೋಡಿದ್ದನ್ನ ಹೇಳಂತೀನಿ. ಅದಕ್ಕೂ ಬ್ಯಾನಿ ಏನು ನಿನಗ?"

"ನೋಡಿದ್ದು ಹೌದಾ ಅಂತಲೇ ಡೌಟು."

ಅವರು ಕುರ್ಚಿ ಎಳೆದುಕೊಂಡು ಕೂತರು. ದನಿ ಇಳಿಯಿತು. "ಅಣ್ಣಗ ಹೇಳಿಬಿಟ್ಟೀನೋ. ಹುಬ್ಬಳ್ಳಿಂದ ತಿಕೀಟೂ ತಗಸ್ಯಾನ. ಇಷ್ಟು ವರ್ಷದಾಗ ಒಂದು ಸಲಾನೂ ಈ ಕಡೆ ಬಂದಾವ ಅಲ್ಲ ಅಂವಾ. ಕಲ್ಕತ್ತಾದಾಗ ನಮ್ಮ ತಂಗಿ ಬಾಟ್ಲಿ ತೊಳೀತಾಳ ಅಂತ ಊರಾಗ ಚ್ಯಾಷ್ಟಿ ಮಾಡ್ತಾನ. ಎಲ್ಲಾರಕಿಂತ ಮುಂದ ನಡೀತೀನಿ, ಬಾ ನೋಡು ಅಂದೀನಿ."

ಆ ಸಮಾರಂಭವನ್ನು ಏರ್ಪಡಿಸಿದ್ದ ಹಳೆಯ ಡೆಪ್ಯುಟಿ ರಿಜಿಸ್ಟ್ರಾರ್ ಇನ್ನೂ ಇದ್ದಾರೆ, ಬಾರಾನಗರದಲ್ಲಿ. ಅವರನ್ನೇ ಕೇಳೋಣ ಎಂದೆ. ಅಕ್ಕ ಮುಖ ಅರಳಿಸಿದರು. ಅವರಿಗೆ ಅನುಮಾನವೇ ಇರಲಿಲ್ಲ.

ಭಾನುವಾರ ಮೆಟ್ರೋ ಹಿಡಿದು ಬಾರಾನಗರದಲ್ಲಿ ಇಳಿದು, ಟೋಟೋ ಎಂಬ ಬ್ಯಾಟರಿ ರಿಕ್ಷಾದಲ್ಲಿ ಗಂಗೆಯ ಕಡೆಯ ಗಲ್ಲಿಗೆ ಹೋದೆವು. ಮುದುಕರು ಗೆಲುವಾಗಿದ್ದರು. ನಮ್ಮಿಬ್ಬರನ್ನೂ ಕಂಡ ಕೂಡಲೇ ಗುರುತು ಹಿಡಿದರು. ಅವರ ಹೆಂಡತಿ ಸಂದೇಶ್ ತಟ್ಟೆ ತಂದಿಟ್ಟು, ಎರಡೆರಡು ತಿನ್ನದೆ ಮಾತಾಡಕೂಡದು ಎಂದರು. ಮುದುಕರ ನೆನಪು ಬೆರಗು ಹುಟ್ಟಿಸುವಂತಿತ್ತು. ಆ ದಿನ ಶಂಖ ಊದಿದವರ ಕೆನ್ನೆ, ಕೈಕೊಟ್ಟ ಮೈಕು, ಮಾವಿನೆಲೆ ತರಲು ಯಾವ ಮಾರುಕಟ್ಟೆಗೆ ಹೋದದ್ದು, ಎಲ್ಲವನ್ನೂ ಹೇಳಿದರು. ಅಕ್ಕ ನನ್ನ ಮೊಣಕೈ ತಿವಿದರು, ಕೇಳು ಎಂಬಂತೆ.

"ದಂಡ ಹಿಡಿದವರು ಯಾರು, ದಾದಾ?" ಎಂದು ಕೇಳಿದೆ.

ಮುದುಕರು ನನ್ನನ್ನೇ ನೋಡಿ ನಗತೊಡಗಿದರು. "ಪರೀಕ್ಷೆ ಮಾಡುತ್ತೀರಾ ನನ್ನನ್ನು? ನೀವೇ ಅಲ್ಲವೇ! ಎಲ್ಲರಿಗಿಂತ ಕಿರಿಯ ಅಧ್ಯಾಪಕರು ಹಿಡಿಯಬೇಕು ಎಂದು ಮೊದಲ ಕುಲಪತಿಗಳೇ ಹೇಳಿದ್ದು. ಮುಂದೆ ನಡೆಯಬೇಕಾದವರು ಮುಂದಿನವರು ಎಂದು. ನೀವು ಸೇರಿ ಆಗ ವರ್ಷವೂ ಆಗಿರಲಿಲ್ಲ. ನಾನೇ ಬೆನ್ನು ತಟ್ಟಿ ಕಳಿಸಿದೆ."

ಆಗ ನಡೆದದ್ದನ್ನು ಹೇಗೆ ಹೇಳುವುದು? ನನಗೆ ನೆನಪಾಯಿತು. ನನ್ನ ಅಂಗೈಗೆ ಹಿತ್ತಾಳೆಯ ತಣ್ಣನೆಯ ಭಾರ ಬಂತು, ಮೂಗಿಗೆ ಹುಣಸೆಹಣ್ಣು ತಿಕ್ಕಿದ ಹಿತ್ತಾಳೆಯ ವಾಸನೆ. ಬೆನ್ನ ಮೇಲೆ ಒಂದು ಕೈ. ಕ್ಷಣಕಾಲ ನಾನು ನಿಜವಾಗಿ ಆ ಮೆರವಣಿಗೆಯ ಮುಂದಿದ್ದೆ. ನಾನು ಹಿಡಿದದ್ದೇ ಆಗಿದ್ದರೆ ಮರೆಯುತ್ತಿದ್ದೆನೇ? ಹಿಡಿದಿಲ್ಲವಾದರೆ, ಈ ಭಾರ ಎಲ್ಲಿಂದ ಬಂತು? ಮೊನ್ನೆ ಸಭೆಯಲ್ಲಿ ದಂಡವನ್ನು ಎತ್ತಿ ನೋಡಿದ್ದೆ, ನಿಜ. ಆ ಭಾರವೇ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಕೂತಿತೇ?

ಇಷ್ಟು ದಿನ ತರಗತಿಯಲ್ಲಿ ಆರಾಮಾಗಿ ಹೇಳಿಕೊಂಡು ಬಂದ ಮಾತು ಅಂದು ಬಾರಾನಗರದ ಆ ಸೋಫಾದ ಮೇಲೆ ನನ್ನನ್ನು ಹೆದರಿಸಿತು. ನೆನಪು ಮಸುಕಾಗುತ್ತದೆ ಎಂಬುದನ್ನು ನಾನು ಬಲ್ಲೆ. ಕೇಳಿದ ಕೂಡಲೇ ಅಡಿಗೆಯಂತೆ ಬಿಸಿಬಿಸಿಯಾಗಿ ತಯಾರಾಗಿ ಬರುತ್ತದೆ ಎಂದು ತಿಳಿದಿರಲಿಲ್ಲ.

ವಾಪಸು ಬರುವಾಗ ಮೆಟ್ರೋದಲ್ಲಿ ಅಕ್ಕ, "ಹಂಗಂದ್ರ ನಾ ನೋಡಿದ್ದು ನಿನ್ನ ಬೆನ್ನೇನು?" ಎಂದರು.

"ಗೊತ್ತಿಲ್ಲ ಅಕ್ಕ. ಅವರಿಗೂ ವಯಸ್ಸಾಯ್ತು."

"ವಯಸ್ಸು ನನಗೂ ಆಗ್ಯಾದ." ಕಿಟಕಿಯಲ್ಲಿ ತಮ್ಮದೇ ಮುಖ ನೋಡುತ್ತಾ ಹೇಳಿದರು. "ನೋಡು, ನಾಳೆ ಸಭಾದಾಗ ನೀ ಒಂದು ಮಾತು ಹೇಳಿದ್ರ ಆತು. ಇದನ್ನೆಲ್ಲಾ ಎತ್ತಬ್ಯಾಡ."

"ಎತ್ತದೆ ಹೇಗಿರುವುದು?"

"ಹ್ಯಾಂಗಂದ್ರ? ಬಾಯಿ ಮುಚ್ಚಿಗೊಂಡು."

ಆ ರಾತ್ರಿಯ ಊಟದಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. "ಪಾಪ, ಹೌದು ಅಂತ ಹೇಳಿಬಿಡಿ. ಹಲಸಿನ ಗಟ್ಟಿಯ ಸಾಕ್ಷಿ ಹೇಳ್ಲಿಕ್ಕೆ ಆಗ್ತದೆ, ಇದಕ್ಕೆ ಆಗುವುದಿಲ್ಲವಾ?" ಎಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಗಟ್ಟಿಯ ಬಗ್ಗೆ ನನಗೆ ಅನುಮಾನವೇ ಇರಲಿಲ್ಲವಲ್ಲ. ಅನುಮಾನವಿಲ್ಲದಿದ್ದಾಗ ಸುಳ್ಳು ಎಷ್ಟು ಸಲೀಸು.

ಎರಡನೆಯ ಸಭೆಯಲ್ಲಿ ರಿಜಿಸ್ಟ್ರಾರ್ ನೇರವಾಗಿ ನನ್ನನ್ನೇ ಕೇಳಿದರು. ಹೌದು ಎನ್ನುವುದು ಎಷ್ಟು ಸುಲಭವಾಗಿತ್ತು! ಚಿತ್ರ ಕಣ್ಣ ಮುಂದೆ ಇತ್ತು, ಕೊಡೆ ಸಮೇತ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಚಿತ್ರವೂ ಇತ್ತು, ನಾನೇ ದಂಡ ಹಿಡಿದದ್ದು, ಅಷ್ಟೇ ಸ್ಪಷ್ಟವಾಗಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದಕ್ಕೆ ಅಕ್ಕನ ಮೇಲಿನ ಪ್ರೀತಿ ಬಿಟ್ಟರೆ ಬೇರೆ ಕಾರಣ ಸಿಗಲಿಲ್ಲ. ಪ್ರೀತಿ ಯಾವ ಶಾಸ್ತ್ರದಲ್ಲೂ ಪ್ರಮಾಣವಲ್ಲ.

"ಮೂರು ಜನರಿಗೆ ಮೂರು ನೆನಪಿದೆ" ಎಂದೆ. "ದೀದಿಯವರ ಪ್ರಕಾರ ಅತಿ ಹಿರಿಯರು. ಬಾರಾನಗರದ ದಾದಾ ಪ್ರಕಾರ ಅತಿ ಕಿರಿಯರು. ನನಗೆ ಎರಡೂ ನೆನಪಾಗುತ್ತದೆ. ಹಾಗಾಗಿ ನನ್ನ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ."

ಅತಿ ಕಿರಿಯರು ಎಂದ ಕೂಡಲೇ ಇಂಗ್ಲಿಷ್ ವಿಭಾಗದ ಹೊಸ ಅಧ್ಯಾಪಕಿ ಬೆಚ್ಚಿದಳು. ನಿರೂಪಣೆ ಮಾಡಬೇಕಾದವಳು ಅವಳೇ. "ನಾನಾ? ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಅದಾ?" ಎಂದು ದಂಡದ ಕಡೆ ತೋರಿಸಿದಳು.

ಅಕ್ಕ ನನ್ನನ್ನು ನೋಡಿದ ನೋಟ, ಒಂದು ಹನಿ ಹೆಚ್ಚಾಗಿ ಇಡೀ ಪ್ರಯೋಗವನ್ನೇ ಕೆಡಿಸಿಕೊಂಡ ವಿದ್ಯಾರ್ಥಿಯನ್ನು ಅವರು ನೋಡುವ ರೀತಿಯದ್ದು.

"ಹಾಗಾದರೆ ಪದ್ಧತಿ ಎಂಬುದು ಏನೂ ಇಲ್ಲ ಎಂದಾಯಿತು" ಎಂದರು ಡೀನ್, ಸ್ವಲ್ಪ ಬೇಸರದಿಂದಲೇ. "ಪದ್ಧತಿ ಇಲ್ಲದಿದ್ದಾಗ ಹುದ್ದೆಯ ಪ್ರಕಾರ ಹೋಗುವುದು ವಾಡಿಕೆ."

ರಿಜಿಸ್ಟ್ರಾರ್ ಬರೆದುಕೊಳ್ಳಲು ಪೆನ್ನು ತೆಗೆದರು. ಆಗ ಅಕ್ಕ ಮಾತಾಡಿದರು. ಅವರ ಬಂಗಾಳಿ ಶಬ್ದಗಳು ಸರಿಯಾಗಿಯೇ ಇರುತ್ತವೆ, ಆದರೆ ಅವುಗಳ ಮೇಲೆ ಬೀಳುವ ಒತ್ತು ಮಾತ್ರ ಧಾರವಾಡದ್ದು.

"ಹಿಂದೆ ಏನಾಗಿತ್ತು ಎಂಬುದನ್ನು ಬಿಡಿ. ಅದು ನನಗೂ ಬೇಡ. ಈ ತಿಂಗಳ ಕೊನೆಗೆ ನಾನು ಮನೆಗೆ ಹೋಗುತ್ತೇನೆ. ಹೋಗುವ ಮೊದಲು ಒಂದು ಸಲ ಇದನ್ನು ಹಿಡಿದು ಮುಂದೆ ನಡೆಯಬೇಕು ಎಂದು ನನಗೆ ಆಸೆ. ಕೊಡುತ್ತೀರೋ ಇಲ್ಲವೋ?"

ನಾನು ಇಷ್ಟು ವರ್ಷ ಎಷ್ಟೋ ಸಮಿತಿಗಳಲ್ಲಿ ಕೂತಿದ್ದೇನೆ. ಅಲ್ಲಿ ಜನ ನಿಯಮ ಹೇಳುತ್ತಾರೆ, ಹಿಂದಿನ ಉದಾಹರಣೆ ಕೊಡುತ್ತಾರೆ, ಸಂಸ್ಥೆಯ ಹಿತ ಎನ್ನುತ್ತಾರೆ. ನನಗೆ ಇದು ಬೇಕು ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಕ್ಕನೇ ಹೇಳಿರಲಿಲ್ಲ; ಬಡ್ತಿಯ ಸಾಲಿನಲ್ಲಿ ಅವರನ್ನು ದಾಟಿ ಬೇರೆಯವರು ಹೋದಾಗಲೂ ಹೇಳಿರಲಿಲ್ಲ. ಅದಕ್ಕೇ ಇರಬೇಕು, ಆಸೆಗೆ ಪದ್ಧತಿಯ ಸೆರಗು ಹೊದಿಸಿ ತಂದಿದ್ದರು. ಆ ಸೆರಗನ್ನು ಎಳೆದವನು ನಾನು.

"ದೀದಿ" ಎಂದರು ಡೀನ್ ಕೊನೆಗೆ, ಕಿವಿ ಕೆಂಪಾಗಿ, "ಮೊದಲ ದಿನವೇ ಹೀಗೆ ಹೇಳಿದ್ದರೆ ಈ ಗಲಾಟೆಯೇ ಬೇಕಿರಲಿಲ್ಲವಲ್ಲ."

"ಅದು ಸರಿ" ಎಂದರು ರಿಜಿಸ್ಟ್ರಾರ್. "ಆದರೆ ಇದನ್ನು ನಡಾವಳಿಯಲ್ಲಿ ಬರೆಯುವುದು ಹೇಗೆ? ದೀದಿಯವರ ಆಸೆಯಂತೆ ಎಂದು ಬರೆಯಲಾಗುತ್ತದೆಯೇ?"

"ಪದ್ಧತಿಯಂತೆ ಎಂದು ಬರೆಯಿರಿ" ಎಂದರು ಡೀನ್. "ಪದ್ಧತಿಯಂತೆ, ಅತಿ ಹೆಚ್ಚು ಕಾಲ ಪಾಠ ಮಾಡಿದ ಅಧ್ಯಾಪಕರು." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಆಕ್ಷೇಪಣೆ ಏನೂ ಇಲ್ಲವಲ್ಲ, ಮೊಶಾಯ್?"

ಇಲ್ಲ ಎಂದೆ. ಐದು ನಿಮಿಷದ ಹಿಂದೆ ಸಾಕ್ಷಿ ಹೇಳಲಾರೆ ಎಂದವನು ಈಗ ಆಕ್ಷೇಪಣೆಯೂ ಇಲ್ಲ ಎಂದೆ. ಎರಡೂ ನಿಜವೇ ಆಗಿತ್ತು.

ಅಕ್ಕ ಸಮಾರಂಭದವರೆಗೆ ನನ್ನ ಹತ್ತಿರ ಮಾತು ಬಿಟ್ಟರು. ಎದುರು ಸಿಕ್ಕರೆ ಬಂಗಾಳಿಯಲ್ಲಿ ಕ್ಷೇಮ ವಿಚಾರಿಸುತ್ತಿದ್ದರು. ಅದಕ್ಕಿಂತ ದೊಡ್ಡ ಶಿಕ್ಷೆ ಅವರ ಬಳಿ ಇರಲಿಲ್ಲ.

ಆ ದಿನ ಬಂತು. ಸಭಾಂಗಣದ ಬಾಗಿಲಲ್ಲಿ ವಿದ್ಯಾರ್ಥಿಗಳು ಬಿಡಿಸಿದ ಆಲ್ಪನಾ ಅರ್ಧ ಒಣಗಿ ಅರ್ಧ ಹಸಿಯಾಗಿತ್ತು. ಮೂರನೆಯ ಸಾಲಿನಲ್ಲಿ, ನಾನು ಮೊದಲೇ ಹೇಳಿದ್ದರಿಂದ, ಅಕ್ಕನ ಅಣ್ಣನನ್ನು ನನ್ನ ಪಕ್ಕ ಕೂರಿಸಿದ್ದರು. ಬಿಳಿ ಟೋಪಿ, ಕೋಟು, ಮೊಣಕಾಲ ಮೇಲೆ ಎರಡು ಕೈ. ಶಂಖ ಮೊಳಗಿತು. ಹಿಂದಿನಿಂದ ಇಂಗ್ಲಿಷ್ ಅಧ್ಯಾಪಕಿಯ ಗಂಟೆಯಂಥ ದನಿ ಬಂತು: "ನಮ್ಮ ವಿಶ್ವವಿದ್ಯಾಲಯದ ದೀರ್ಘ ಪರಂಪರೆಯಂತೆ…"

ಅಕ್ಕ ಬಂದರು. ದಂಡವನ್ನು ಎರಡು ಕೈಯಲ್ಲಿ ಎದೆಗೆ ನೇರವಾಗಿ ಹಿಡಿದು, ನಜ್ಜಾದ ಪಕ್ಕ ತಮ್ಮ ಕಡೆಗೆ ಬರುವಂತೆ ತಿರುಗಿಸಿಕೊಂಡು, ಆತುರವಿಲ್ಲದೆ ನಡೆದರು. ಅವರ ಹಿಂದೆ ಡೀನರು, ರಿಜಿಸ್ಟ್ರಾರ್, ಎಲ್ಲರ ಹಿಂದೆ ಕುಲಪತಿಗಳು. ಅಣ್ಣನ ಕಡೆ ನಾನು ನೋಡಲಿಲ್ಲ. ಪಕ್ಕದಲ್ಲಿ ಅವರು ಕೋಟು ಸರಿಮಾಡಿಕೊಂಡು ನೆಟ್ಟಗೆ ಕೂತದ್ದು ಗೊತ್ತಾಯಿತು.

ವೇದಿಕೆಯ ಮೇಲೆ ಅಕ್ಕ ದಂಡವನ್ನು ಕುಲಪತಿಗಳ ಕೈಗೆ ಕೊಟ್ಟರು. ಅವರು ಅದನ್ನು ಮುಟ್ಟಿ ವಾಪಸು ಕೊಡಬೇಕಿತ್ತು. ಕ್ಯಾಮೆರಾಗಳ ಬೆಳಕಿನಲ್ಲಿ ಅವರಿಗೆ ಮರೆತೇ ಹೋಯಿತು. ದಂಡ ಹಿಡಿದೇ ಕೈಮುಗಿದರು, ಹಿಡಿದೇ ಹೋಗಿ ಕುರ್ಚಿಯಲ್ಲಿ ಕೂತರು, ತೊಡೆಗಳ ಮೇಲೆ ಅಡ್ಡ ಇಟ್ಟುಕೊಂಡರು. ಅಕ್ಕ ಬರಿಗೈಯಲ್ಲಿ ವೇದಿಕೆಯ ನಡುವೆ ನಿಂತರು. ರಿಜಿಸ್ಟ್ರಾರ್ ಕಣ್ಣುಸನ್ನೆಯಿಂದ ಅವರನ್ನು ಕೆಳಗೆ ಕರೆದರು. ಇಳಿದುಬಿಡುತ್ತಾರೆ ಎಂದುಕೊಂಡೆ. ಅವರು ಇಳಿಯಲಿಲ್ಲ. ಕುರ್ಚಿಯವರೆಗೆ ನಡೆದು ಹೋಗಿ, ಕೈ ಚಾಚಿ, "ಕೊಡ್ರಿ" ಎಂದರು. ಕುಲಪತಿಗಳು ಎದ್ದು ನಿಂತು ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು. ಅದು ಸಮಾರಂಭದ ಭಾಗವೆಂದೇ ಎಲ್ಲರೂ ತಿಳಿದರು.

ಮುಗಿದ ಮೇಲೆ ಹೊರಗೆ ಬಕುಲದ ಮರದ ಕೆಳಗೆ ಪ್ಯಾಕೆಟ್ಟು ಹಿಡಿದು ನಿಂತೆವು, ಅಕ್ಕ, ಅಣ್ಣ, ನಾನು. ಅಕ್ಕ ತಾವಾಗಿಯೇ ನಮ್ಮ ಕಡೆ ಬಂದಿದ್ದರು. ನಾನು ಧೈರ್ಯ ಮಾಡಿದೆ.

"ಅಕ್ಕ, ಕುಲಪತಿಗಳ ಹತ್ತಿರ ನೀವು ಕನ್ನಡದಲ್ಲಿ ಕೇಳಿದ್ದು ಭಾರೀ ಲಾಯ್ಕಾಯ್ತು."

"ನಾನೆಲ್ಲಿ ಕೇಳೀನೋ? ಬರೇ ಕೈ ಮುಂದ ಮಾಡಿದೆ."

"ಕೊಡ್ರಿ ಅಂದ್ರಲ್ಲ!"

"ಇಲ್ಲಪಾ. ಅಂಥಾದ್ರಾಗ ಬಾಯಿಂದ ಮಾತು ಬರ್ತಾವೇನು?"

ಅಣ್ಣ ಸಿಂಗಾಡಾ ಬಾಯಿಗೆ ಒಯ್ಯುತ್ತಿದ್ದವರು ನಿಲ್ಲಿಸಿದರು. "ಅಂದಿ, ಅಂದಿ. ನಾ ಕೇಳೀನಿ. 'ಕೊಡ್ರಿ' ಅಲ್ಲ, 'ಕೊಡ್ರೀ ಸಾಹೇಬ್ರ' ಅಂದಿ. ಅಂವಾ ಬೆದರಿ ಎದ್ದು ನಿಂತ."

"ಸಾಹೇಬ್ರ ಅಂದಿದ್ದಂತೂ ನಂಗೆ ಕೇಳಿಸ್ಲಿಲ್ಲ" ಎಂದೆ.

"ಮೂರನೇ ಸಾಲಿನ್ಯಾಗ ಕೂತು ಇಬ್ರಿಗೂ ಬ್ಯಾರೆ ಬ್ಯಾರೆ ಕೇಳಸ್ತು!" ಅಕ್ಕ ನಕ್ಕರು. ಆ ನಗೆಯಲ್ಲಿ ನನ್ನ ಮೇಲಿನ ಸಿಟ್ಟು ಎಷ್ಟು ಉಳಿದಿತ್ತೋ ತಿಳಿಯಲಿಲ್ಲ. "ನಾಳೆ ಇನ್ನೊಬ್ಬ ಕುಲಪತಿ ಬಂದಾಗ ನಿನ್ನನ್ನೇ ಕರದು ಕೇಳ್ತಾರ, ಹೋದ ಸಲ ಹ್ಯಾಂಗ ಮಾಡಿದ್ರಿ ಅಂತ. ಆವಾಗೇನು ಹೇಳ್ತೀ?"

ಅವರು ಕೇಳಿದ್ದು ತಮಾಷೆಗೆ. ನಾನು ಮಾತ್ರ ನಿಜವಾಗಿಯೇ ಯೋಚಿಸಿದೆ. ಕುಲಪತಿಗಳು ದಂಡ ಇಟ್ಟುಕೊಳ್ಳಬೇಕು. ಅಧ್ಯಾಪಕರು ಹೋಗಿ ಬಾಯಿಬಿಟ್ಟು ಕೇಳಬೇಕು. ಆಗ ಅವರು ಎದ್ದು ನಿಂತು ಕೊಡಬೇಕು. ನನ್ನನ್ನು ಕೇಳಿದರೆ ಹಾಗೆ ಹೇಳುತ್ತೇನೆ. ಗಣಿತದ ಮೇಷ್ಟರನ್ನು ನೆನಪಿಸಿಕೊಳ್ಳಲು ನೋಡಿದೆ. ಕಂಕುಳಲ್ಲಿ ಕೊಡೆ ಇತ್ತು, ಆದರೆ ದಂಡದ ಮೇಲಿದ್ದ ಬೆರಳುಗಳಲ್ಲಿ ಬೆಳ್ಳಿಯ ಲವಣದ ಕಪ್ಪು ಕಲೆಗಳು ಕಂಡವು.

"ಏ ತರ್ಕಶಾಸ್ತ್ರಿ," ಎಂದರು ಅಕ್ಕ, "ಆಮ್ಯಾಲೆ ಯೋಚನಿ ಮಾಡೀಯಂತ. ಸಿಂಗಾಡಾ ಆರತದ, ತಿನ್ನು ಮೊದಲು."